ನೆಲ ಡೊಂಕೋ, ಅಂಕಿ ಡೊಂಕೋ

ಜಹೀರಾಬಾದು

ಪರದೇಶಕ್ಕೆ ಹೊರಟವರಿಗೆ ಹುಷಾರಾಗಿ ಹೋಗಿ ಬನ್ನಿ ಅನ್ನುವುದು ವಾಡಿಕೆ. ಬಸವಂತಪ್ಪ ಹಾಗನ್ನಲಿಲ್ಲ. ಜಹೀರಾಬಾದಿನ ಬಸ್ ನಿಲ್ದಾಣದಲ್ಲಿ ನನ್ನ ಎರಡು ಉದ್ದನೆಯ ಪೆಟ್ಟಿಗೆಗಳನ್ನು ಒಂದು ಸಲ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಇವು ಸುಳ್ಳ ಹೇಳ್ಯಾವೋ, ನನ್ನ ನೆಲ ಸುಳ್ಳ ಹೇಳ್ಯಾದೋ, ಒಂದು ಫೈಸಲಾ ಮಾಡ್ಕೊಂಡು ಬರ್ರಿ ಸರ್," ಅಂದರು.

ಪೆಟ್ಟಿಗೆಗಳಲ್ಲಿದ್ದವು ಆಂಟೆನಾಗಳು. ನಾನು ಊರ ಹೊರಗಿನ ಒಂದು ಪರೀಕ್ಷಾಲಯದಲ್ಲಿ ಎಂಜಿನಿಯರು. ಟ್ರ್ಯಾಕ್ಟರು, ಜೀಪುಗಳಿಗೆ ಹಾಕುವ ವಿದ್ಯುತ್ ಸಾಮಾನುಗಳು ತಮ್ಮ ಪಾಡಿಗೆ ತಾವು ರೇಡಿಯೋ ಅಲೆಗಳನ್ನು ಸೋರಿಸುತ್ತಿರುತ್ತವೆ. ಆ ಸೋರಿಕೆ ಪಕ್ಕದ ಯಂತ್ರದ ತಲೆ ಕೆಡಿಸುವಷ್ಟಿದೆಯೇ ಎಂದು ಅಳೆಯುವುದು ನಮ್ಮ ಕಸುಬು. ಅದಕ್ಕೆಂದೇ ಹೊಸದೊಂದು ದೊಡ್ಡ ಕೋಣೆ ಕಟ್ಟಿಸಿದ್ದೆವು. ಗೋಡೆಗೆಲ್ಲ ಅಲೆ ನುಂಗುವ ಸ್ಪಂಜಿನ ಗೂಟಗಳು, ಕೆಳಗೆ ಪೂರ್ತಿ ಉಕ್ಕಿನ ತಗಡಿನ ನೆಲ. ಆ ನೆಲ ಹಾಸಿದವರೇ ಬಸವಂತಪ್ಪ. ತಾಂಡೂರಿನವರು, ಮೂರು ತಲೆಮಾರಿನ ಕಲ್ಲುಹಾಸಿನ ಮನೆತನ. ಧಾರೂರಿನಿಂದ ನಾರಾಯಣಖೇಡದವರೆಗೆ ಅವರು ಹಾಸಿದ ನೆಲದ ಮೇಲೆ ಕೂತು ಉಂಡವರೆಷ್ಟೋ ಮಂದಿ.

ಇಂಥ ಕೋಣೆಯಲ್ಲಿ ಏನನ್ನಾದರೂ ಅಳೆಯುವ ಮೊದಲು ಕೋಣೆಯನ್ನೇ ಪರೀಕ್ಷೆಗೆ ಕೂರಿಸಬೇಕು. ಒಂದು ಆಂಟೆನಾ ಮಾತಾಡಬೇಕು, ಮೂರು ಮೀಟರು ಆಚೆ ಇನ್ನೊಂದು ಕೇಳಿಸಿಕೊಳ್ಳಬೇಕು. ಕುಂದಿಲ್ಲದ ನೆಲದ ಮೇಲೆ ಎಷ್ಟು ಕೇಳಿಸಬೇಕೋ ಅಷ್ಟು ಕೇಳಿಸಿತೇ ಎಂದು ತಾಳೆ ನೋಡಬೇಕು. ಆಂಟೆನಾ ಅಂದರೆ ಕಿವಿ, ಒಂದೊಂದು ಕಿವಿಗೂ ಒಂದೊಂದು ಮಂದತನ. ಅದು ಕೇಳಿದ್ದಕ್ಕೆ ಎಷ್ಟು ಕೂಡಿಸಿದರೆ ಗಾಳಿಯಲ್ಲಿ ನಿಜವಾಗಿ ಇದ್ದಷ್ಟಾಗುತ್ತದೆ ಎಂಬ ಅಂಕಿಗಳ ಪಟ್ಟಿ ಅದರ ಜೊತೆಗೇ ಬರುತ್ತದೆ. ಆ ಅಂಕಿ ಕೂಡಿಸಿ ಲೆಕ್ಕ ಹಾಕಿದೆ. ನಮ್ಮ ಕೋಣೆ ನಪಾಸಾಯಿತು.

ಓದಿದವನು ನಾನು. ಹೀಗಾಗಿ ಬೇಗ ಕಾರಣ ಹುಡುಕಿದೆ. "ನೆಲದ ಹಾಸು ಸಮನಾಗಿಲ್ಲದಿರುವ ಸಾಧ್ಯತೆ ಇದೆ" ಎಂದು ವರದಿಯಲ್ಲಿ ಬರೆದೆ. ಅಂದು ಮನೆಯಲ್ಲಿ ಹೆಂಡತಿ ಮಹಾದೇವಿಗೆ ಹೇಳಿದಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ, "ಕುಣೀಲಾರ್ದಾಕಿ ನೆಲ ಡೊಂಕ ಅಂದ್ಳಂತ," ಅಂದಳು. ನಿನಗೇನು ಗೊತ್ತು ಎಂದು ಗದರಿದೆ.

ಬಸವಂತಪ್ಪನವರು ಸುದ್ದಿ ಕೇಳಿ ಮರುದಿನವೇ ತಾಂಡೂರಿನಿಂದ ಬಂದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದವರೇ ಆ ಉಕ್ಕಿನ ನೆಲದ ಮೇಲೆ ಉದ್ದಕ್ಕೆ ಮಲಗಿ ಕೆನ್ನೆ ಹಚ್ಚಿದರು. ಅವರ ಮನೆತನದವರು ನೆಲ ನೋಡುವುದೇ ಹಾಗೆ.

"ನೀವೂ ಮಲಕೊಂಡು ನೋಡ್ರಿ ಸರ್. ಗಲ್ಲ ಹಚ್ಚಿ ನೋಡ್ರಿ. ಕೂದಲೆಳಿಯಷ್ಟು ಏರಿದ್ರ ತಾಂಡೂರಾಗ ನನ್ನ ಹೆಸರ ಯಾರೂ ತಗೀಬ್ಯಾಡ್ರಿ."

ನಾನು ಇಸ್ತ್ರಿ ಅಂಗಿ ಹಾಕಿದ್ದೆ. ಮ್ಯಾನೇಜರೂ ಅಲ್ಲೇ ನಿಂತಿದ್ದರು. "ಇದು ಕಣ್ಣಿಲೆ ನೋಡೋ ಕೆಲಸ ಅಲ್ರಿ," ಅಂದೆ. ಅವರು ಎದ್ದು ಕೆನ್ನೆ ಒರೆಸಿಕೊಂಡು, ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡರು.

ಕೊನೆಗೆ ಮ್ಯಾನೇಜರು ತೀರ್ಮಾನ ಕೊಟ್ಟರು. ಆಂಟೆನಾಗಳನ್ನು ಹೊರದೇಶದ ಒಳ್ಳೆಯ ಕಡೆ ಪರೀಕ್ಷೆ ಮಾಡಿಸಬೇಕು. ಅವು ಸರಿಯಿದ್ದರೆ ನೆಲ ಕೀಳಬೇಕು, ಮುಂದಿನ ಕೋಣೆಯ ನೆಲ ಬೇರೆಯವರಿಗೆ. ಹಾಸಿದ ನೆಲವನ್ನು ಒಮ್ಮೆಯೂ ಕಿತ್ತು ಗೊತ್ತಿಲ್ಲದ ಮನುಷ್ಯನ ಹೆಸರು ನನ್ನ ಪೆಟ್ಟಿಗೆಗಳ ಜೊತೆ ಬಸ್ಸು ಹತ್ತಿತು.

ದಾರಿಯಲ್ಲಿ

ಹೊರಡುವ ಮುಂಚೆ ಸಿರ್ಗಾಪುರದ ಗೌರಮ್ಮತ್ತಿ, ನನ್ನ ಅಪ್ಪನ ತಂಗಿ, ಒಂದು ಹಿತ್ತಾಳೆಯ ಸೇರು ಕೊಟ್ಟಿದ್ದಳು. ಕಾಳು ಅಳೆಯುವ ಹಳೆಯ ಸೇರು, ಹುಣಸೆಹಣ್ಣಿನಿಂದ ತಿಕ್ಕಿ ಬಂಗಾರದಂತೆ ಮಾಡಿದ್ದಳು. "ಅಳತಿ ಮಾಡೋರ ಮನಿಗಿ ಹೊಂಟೀದಿ. ಬರೀಗೈಲೆ ಹೋಗಬ್ಯಾಡ," ಅಂದಳು. ಅಳತೆಯ ಪಾತ್ರೆಯನ್ನು ಖಾಲಿ ಕೊಡಬಾರದಲ್ಲ, ಅದರ ತುಂಬ ಬಿಳಿಜೋಳ ಹಾಕಿ ಬಟ್ಟೆ ಕಟ್ಟಿದ್ದಳು.

ಆ ಜೋಳ ವಿಯೆನ್ನಾ ವಿಮಾನ ನಿಲ್ದಾಣ ದಾಟಲಿಲ್ಲ. ಅಲ್ಲಿನ ಕಸ್ಟಮ್ಸ್ ಅಧಿಕಾರಿಣಿ ಮೊದಲು ಆಂಟೆನಾದ ಪೆಟ್ಟಿಗೆ ತೆರೆಸಿದಳು. ಒಳಗೆ ತಂತಿಯ ಎರಡು ಪಂಜರ ಕಂಡು, ಇದರಲ್ಲಿ ಇದ್ದ ಹಕ್ಕಿ ಎಲ್ಲಿ ಅಂತ ಬಲು ಗಂಭೀರವಾಗಿ ಕೇಳಿದಳು. ಹಕ್ಕಿ ಇರಲೇ ಇಲ್ಲ, ಇದು ರೇಡಿಯೋ ಅಲೆ ಕೇಳುವ ಸಾಧನ ಎಂದು ಕಾಗದ ತೋರಿಸಿದೆ. ಪಂಜರ ಪಾರಾಯಿತು. ಆಮೇಲೆ ಸೇರಿನ ಬಟ್ಟೆ ಬಿಚ್ಚಿಸಿದಳು. ಮೊಳಕೆಯೊಡೆಯುವ ಕಾಳು ಒಳಗೆ ಬರುವಂತಿಲ್ಲವಂತೆ. ಜೋಳವನ್ನು ಒಂದು ಡಬ್ಬಿಗೆ ಸುರಿದು, ಖಾಲಿ ಸೇರನ್ನು ನನ್ನ ಕೈಗಿಟ್ಟಳು. ಪಸ್ತಾಪುರದ ಹೆಣ್ಣುಮಕ್ಕಳು ಬೆಳೆದು ಮಾರುವ ಸಜ್ಜೆಯ ಹಿಟ್ಟಿನಲ್ಲಿ ಮಹಾದೇವಿ ಮಾಡಿಕೊಟ್ಟಿದ್ದ ಒಣ ಕಟಿರೊಟ್ಟಿಗಳನ್ನು ಮಾತ್ರ ಅವಳು ಬೆಳಕಿಗೆ ಹಿಡಿದು ನೋಡಿ, ಕಟ್ಟಡಕ್ಕೆ ಹಾಕುವ ಸಾಮಾನು ಇರಬೇಕೆಂದು ತಿಳಿದಳೋ ಏನೋ, ಹಾಗೇ ಬಿಟ್ಟಳು.

ಹಳ್ಳಿ, ಭಾನುವಾರ

ವಿಯೆನ್ನಾದಿಂದ ಒಂದು ತಾಸಿನ ಹಾದಿಯ ಆ ಹಳ್ಳಿಯ ಹೆಸರು ಕೊನೆಯವರೆಗೂ ನನ್ನ ನಾಲಿಗೆಗೆ ಹತ್ತಲಿಲ್ಲ. ನೋಡಿದರೆ ನಮ್ಮ ಕಡೆಯ ಎರೆಹೊಲಗಳಷ್ಟೇ ಬಯಲು, ಆದರೆ ಎಲ್ಲೆಲ್ಲೂ ಕುಂಬಳಕಾಯಿ. ಭಾನುವಾರ ಒಂದು ಅಂಗಡಿಯೂ ತೆರೆದಿರಲಿಲ್ಲ. ಚಹಾ ಹುಡುಕಿಕೊಂಡು ಊರು ಪೂರ್ತಿ ಸುತ್ತಿ ಬಂದೆ, ಎದುರಾದ ಒಂದೇ ಜೀವ ಅಂದರೆ ಒಂದು ಬೆಕ್ಕು. ನಮ್ಮ ಜಹೀರಾಬಾದಿನಲ್ಲಿ ಬಂದ್ ಘೋಷಿಸಿದ ದಿನವೂ ಅರ್ಧ ಷಟರ್ ಎತ್ತಿ ಚಹಾ ಕೊಡುವವರಿದ್ದಾರೆ.

ಇಳಿದುಕೊಂಡಿದ್ದ ಮನೆಯ ಒಡತಿ, ಎಪ್ಪತ್ತು ದಾಟಿದ ಹೆಂಗಸು, ನಾನು ಒಣರೊಟ್ಟಿ ಮುರಿಯುವ ಸದ್ದಿಗೆ ಬಂದು ನೋಡಿದಳು. ಒಳಗೆ ಹೋಗಿ ಒಂದು ಸೀಸೆ ತಂದಳು. ಹಸಿರಾಗಿ ಕಪ್ಪಗಿತ್ತು, ಎಂಜಿನ್ ಆಯಿಲ್ ಅಂತಲೇ ತಿಳಿದೆ. ಕುಂಬಳಬೀಜದ ಎಣ್ಣೆ! ಸಜ್ಜೆರೊಟ್ಟಿಗೆ ಶೇಂಗಾಹಿಂಡಿ, ಅದೇ ಖಾರದ ಚಟ್ನಿಪುಡಿ, ಅದರ ಮೇಲೆ ಆ ಎಣ್ಣೆ. ಗುರೆಳ್ಳಿನ ತಮ್ಮನಂಥ ರುಚಿ. ಇಬ್ಬರೂ ನಾಲ್ಕು ನಾಲ್ಕು ರೊಟ್ಟಿ ಹೊಡೆದೆವು. ಅವಳಿಗೆ ಇಂಗ್ಲಿಷ್ ಬಾರದು, ನನಗೆ ಜರ್ಮನ್ ಬಾರದು, ಖಾರಕ್ಕೆ ಅವಳ ಕಣ್ಣಲ್ಲಿ ನೀರು ಬಂದಾಗ ಮಾತ್ರ ಇಬ್ಬರೂ ಒಂದೇ ಭಾಷೆಯಲ್ಲಿ ನಕ್ಕೆವು.

ಬಯಲು, ಸೋಮವಾರ

ಆಂಟೆನಾ ಅಳೆಯುವ ಜಾಗ ಹಳ್ಳಿಯ ಆಚೆ. ಹೊಲದ ನಡುವೆ ಒಂದು ದೊಡ್ಡ ಕಣ ಇದೆ ಅಂದುಕೊಳ್ಳಿ, ಆದರೆ ಮಣ್ಣಿನದಲ್ಲ, ಉಕ್ಕಿನದು. ಗೋಡೆಯಿಲ್ಲ, ಸೂರಿಲ್ಲ. ಅದನ್ನು ನೋಡಿಕೊಳ್ಳುವವಳು ಹೆಲ್ಗಾ. ಐವತ್ತೈದರ ಹೆಂಗಸು, ಭೌತಶಾಸ್ತ್ರದಲ್ಲಿ ಡಾಕ್ಟರೇಟು, ಕಾಲಿಗೆ ರೈತರ ಬೂಟು. ನಾವಿಬ್ಬರೂ ಆಡಿದ್ದು ಇಂಗ್ಲಿಷು. ಇಬ್ಬರದೂ ಶಾಲೆಯಲ್ಲಿ ಕಲಿತದ್ದು, ಹೀಗಾಗಿ ಚೆನ್ನಾಗಿ ಹೊಂದಿಕೊಂಡಿತು.

ಲೋಹದ ಸಾಮಾನೆಲ್ಲ ಹೊರಗಿಡಿ ಅಂದಳು. ಬೀಗದಕೈ, ಫೋನು, ಬೆಲ್ಟು ಇಟ್ಟೆ. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಎದೆ ಮುಟ್ಟಿಕೊಂಡು, ಇದನ್ನು ತೆಗೆಯುವ ಪದ್ಧತಿ ನಮ್ಮಲ್ಲಿಲ್ಲ ಅಂದೆ. ಅವಳು ಒಂದು ಗಳಿಗೆ ನೋಡಿದಳು. "ನಾವಿಲ್ಲಿ ಅಳೆಯುವ ಅಲೆ ಹತ್ತು ಮೀಟರು ಉದ್ದ. ಅದಕ್ಕೆ ನಿಂಬೆಕಾಯಿಯಷ್ಟು ವಸ್ತು ಕಾಣಿಸುವುದೇ ಇಲ್ಲ. ನಿಮ್ಮ ದೇವರು ಇರಲಿ," ಅಂದಳು. ನನಗೆ ಆ ಹೆಂಗಸಿನ ಮೇಲೆ ಅಲ್ಲಿಯೇ ಅಭಿಮಾನ ಹುಟ್ಟಿತು.

ಹಿಂದಿನ ವಾರ ಮಳೆಯಾಗಿತ್ತಂತೆ, ನೆಲ ಎಲ್ಲಾದರೂ ಎದ್ದಿದೆಯೇ ನೋಡಬೇಕಿತ್ತು. ಕೆಲಸ ಶುರುಮಾಡುವ ಮೊದಲು ಹೆಲ್ಗಾ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡಳು. ಆ ಉಕ್ಕಿನ ನೆಲದ ಮೇಲೆ ಹೊಟ್ಟೆ ಕೆಳಗಾಗಿ ಮಲಗಿ, ಕೆನ್ನೆ ಹಚ್ಚಿ, ಉದ್ದಕ್ಕೂ ನೋಡತೊಡಗಿದಳು.

ನನಗೆ ಜೋರಾಗಿ ನಗು ಬಂತು. ಏನಾಯಿತು ಎಂದು ಮಲಗಿದಲ್ಲಿಂದಲೇ ಕೇಳಿದಳು. ನಮ್ಮಲ್ಲೂ ಒಬ್ಬರು ಹೀಗೇ ನೋಡುತ್ತಾರೆ ಅಂದೆ. "ಒಳ್ಳೆಯ ಕೆಲಸಗಾರರಿರಬೇಕು," ಅಂದಳು. ನನ್ನ ನಗು ಅಲ್ಲಿಗೇ ನಿಂತಿತು. ಇಸ್ತ್ರಿ ಅಂಗಿ ನೆನಪಾಗಿ, ಯಾರೂ ನೋಡದಿದ್ದರೂ ನಾಚಿಕೆಯಾಯಿತು.

ಗುರುವಾರ

ಮೂರು ದಿನ ಆ ಬಯಲಲ್ಲಿ ಆಂಟೆನಾಗಳು ಏರಿದವು, ಇಳಿದವು, ಅಡ್ಡ ತಿರುಗಿದವು, ನೆಟ್ಟಗೆ ನಿಂತವು. ಮಧ್ಯಾಹ್ನ ಆಯಿತೆಂದರೆ ಅಲ್ಲಿನವರು ಎದುರು ಸಿಕ್ಕವರಿಗೆಲ್ಲ "ಮಾಲ್‌ಟ್ಸೈಟ್" ಅನ್ನುತ್ತಾರೆ. ಊಟದ ಹೊತ್ತು ಅಂತ ಅರ್ಥ. ಉಣ್ಣಲು ಹೊರಟವರಿಗೂ ಅದೇ, ಉಂಡು ಬಂದವರಿಗೂ ಅದೇ, ಕೈ ತೊಳೆಯುತ್ತಿದ್ದವರಿಗೂ ಅದೇ. ನಮ್ಮಲ್ಲಿ "ಊಟ ಆತ್ರಿ?" ಅನ್ನುವುದಿಲ್ಲವೇ, ಹಾಗೆ. ಒಂದು ವ್ಯತ್ಯಾಸವೆಂದರೆ ನಾವು ಉತ್ತರ ಬಂದ ಮೇಲೆ ಪಲ್ಯ ಯಾವುದು ಅಂತಲೂ ಕೇಳುತ್ತೇವೆ.

ಗುರುವಾರ ಮಧ್ಯಾಹ್ನ ಫಲಿತಾಂಶ ಬಂತು. ಎರಡೂ ಆಂಟೆನಾ ನೆಟ್ಟಗಿದ್ದವು. ಹೋದ ಸಲ ಇಲ್ಲಿಗೇ ಕಳಿಸಿ ಅಳೆಯಿಸಿದಾಗ ಬಂದಿದ್ದ ಅಂಕಿಗಳೇ ಈ ಸಲವೂ ಬಂದಿದ್ದವು. ಹೆಲ್ಗಾ ಶುಭಾಶಯ ಹೇಳಿದಳು. ಆಂಟೆನಾ ಕೆಟ್ಟಿಲ್ಲವೆಂದು ಬೇಸರಪಟ್ಟ ಗಿರಾಕಿ ಅವಳಿಗೆ ನಾನೇ ಮೊದಲು ಸಿಕ್ಕಿರಬೇಕು.

ನನ್ನ ಕೆಟ್ಟ ಚಾಳಿ ಅಂದರೆ ಬಾಯಿ ಅವಸರ. ತಡಮಾಡದೆ ಮ್ಯಾನೇಜರಿಗೆ ಫೋನು ಮಾಡಿ, ಆಂಟೆನಾ ಸರಿಯಿವೆ ಅಂದುಬಿಟ್ಟೆ.

"ಹಂಗಂದ್ರ ಆತು. ಶನಿವಾರ ಮುಂಜಾನಿ ನೆಲ ಕೀಳಾಕ ಮಂದಿ ಹಚ್ಚತೀನಿ," ಅಂದರು ಅವರು. "ಬಸವಂತಪ್ಪಗ ನಾನೇ ಹೇಳ್ತೀನಿ, ನೀವು ಫಿಕರ್ ಮಾಡಬ್ಯಾಡ್ರಿ."

ಫಿಕರ್ ಮಾಡದೆ ಇರುವುದಾದರೂ ಹೇಗೆ? ಆ ಸಂಜೆ ಒಡತಿ ಕೊಟ್ಟ ಕುಂಬಳಕಾಯಿ ಸಾರು ಅರ್ಧಕ್ಕೇ ಬಿಟ್ಟೆ. ಅವಳು ಖಾರ ಸಾಲಲಿಲ್ಲವೆಂದು ತಿಳಿದು ನನ್ನದೇ ಶೇಂಗಾಹಿಂಡಿಯ ಡಬ್ಬಿ ತಂದು ಮುಂದಿಟ್ಟಳು.

ಶುಕ್ರವಾರ, ಊಟದ ಹೊತ್ತು

ಕೊನೆಯ ದಿನ. ಸೇರು ಇನ್ನೂ ನನ್ನ ಚೀಲದಲ್ಲೇ ಇತ್ತು. ಖಾಲಿ ಕೊಟ್ಟರೆ ಗೌರಮ್ಮತ್ತಿ ಸಿರ್ಗಾಪುರದಿಂದಲೇ ಬೈಯುತ್ತಾಳೆ. ಮನೆಯೊಡತಿಯ ಹತ್ತಿರ ಹುರಿದ ಕುಂಬಳಬೀಜ ಕೇಳಿ ತಂದು, ಹೆಲ್ಗಾಳ ಕಚೇರಿಯ ಮೇಜಿನ ಮೇಲೆ ಸೇರಿಟ್ಟು, ಮೇಲೆ ಗೋಪುರ ಕಟ್ಟುವ ಹಾಗೆ ತುಂಬಿದೆ. ಇನ್ನೊಂದು ಬೀಜ ಇಟ್ಟರೆ ಜಾರಬೇಕು, ಅಷ್ಟು. ಅವಳಿಗೆ ಬಹಳ ಸಂತೋಷವಾಯಿತು. ಅಳತೆಯ ಪಾತ್ರೆಯೇ ಎಂದು ಕೇಳಿದಳು. ಹೌದು ಅಂದದ್ದೇ ತಡ, ಅಭ್ಯಾಸಬಲ ನೋಡಿ, ಮೇಜಿನ ಮೇಲಿದ್ದ ಉಕ್ಕಿನ ಪಟ್ಟಿ ತೆಗೆದುಕೊಂಡು ಬಾಯಿಗೆ ಸಮ ಸವರಿಬಿಟ್ಟಳು. ಬೀಜ ಮೇಜೆಲ್ಲ ಚೆಲ್ಲಿದವು.

"ಅಯ್ಯೋ, ಸವರಬೇಡಿ," ಅಂದೆ. "ಕೊಡುವಾಗ ತಲೆ ಕಟ್ಟಿ ಕೊಡಬೇಕು. ಮನೆಯ ಅಡುಗೆಗೆ ತೆಗೆಯುವಾಗ ಮಾತ್ರ ಸವರುವುದು."

"ಎರಡಕ್ಕೂ ಒಂದು ಸೇರು ಎಂದೇ ಹೇಳುತ್ತೀರಾ?"

"ಹೌದು, ಎರಡೂ ಒಂದು ಸೇರೇ."

"ಹಾಗಾದರೆ ನಿಮ್ಮ ಅತ್ತೆ ಒಂದು ಸೇರು ಅಂದರೆ ನಾನು ಯಾವುದೆಂದು ತಿಳಿಯಬೇಕು?"

"ಯಾವ ಕೆಲಸಕ್ಕೆ ಅಂತ ಕೇಳಬೇಕು," ಅಂದೆ. ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತಿರುವ ಸಂಗತಿ.

ಬೀಜ ಆಯುತ್ತಿದ್ದ ಹೆಲ್ಗಾ ತಲೆಯೆತ್ತಿದಳು. ನನ್ನ ಕಡತ ಎಳೆದು, ನಾನು ತುಂಬಿ ಕಳಿಸಿದ್ದ ಅರ್ಜಿ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟಳು. 'ಯಾವ ಉಪಯೋಗಕ್ಕೆ' ಎಂಬಲ್ಲಿ ನಾನು ಒಂದು ಅಡ್ಡಗೆರೆ ಎಳೆದಿದ್ದೆ. ಹೋದ ಸಲವೂ ಅದೇ ಗೆರೆ. "ನೀವು ಹೇಳಲಿಲ್ಲ. ಅದಕ್ಕೇ ಎರಡೂ ಸಲ ನಾವು ಎರಡು ಅಂಕಣ ಅಂಕಿ ಕೊಟ್ಟೆವು. ನಿಮ್ಮ ಕೋಣೆ ಪರೀಕ್ಷೆಗೆ ಯಾವುದನ್ನು ಹಾಕಿದಿರಿ?"

"ಮೊದಲನೆಯದು," ಅಂದೆ. "ನಾವು ಯಾವಾಗಲೂ ಮೊದಲನೆಯದನ್ನೇ ಹಾಕುವುದು."

ಅಂದ ಕೂಡಲೇ ನನಗೇ ಹೊಳೆಯಿತು. ನಮ್ಮದು ವಾಹನಗಳ ಕೆಲಸ. ಜೀಪಿನ ಮೀಟರು, ಟ್ರ್ಯಾಕ್ಟರಿನ ತಂತಿಗೊಂಚಲು ಇವನ್ನೆಲ್ಲ ಅಳೆಯುವುದು ಒಂದೇ ಮೀಟರು ದೂರದಿಂದ. ಮೊದಲ ಅಂಕಣ ಆ ಒಂದು ಮೀಟರಿನದು. ವರ್ಷಗಟ್ಟಲೆ ಕಂಪ್ಯೂಟರಿನಲ್ಲಿ ಅದೇ ಕೂತಿತ್ತು, ಕೈಯೂ ಅದಕ್ಕೇ ಹೋಗುತ್ತಿತ್ತು. ಕೋಣೆಯ ಪರೀಕ್ಷೆಯೋ ಮೂರು ಮೀಟರಿನದು. ಅದಕ್ಕೆ ಬೇಕಾದದ್ದು ಎರಡನೆಯ ಅಂಕಣ, ಸುತ್ತ ನೆಲ ಗೋಡೆ ಏನೂ ಇಲ್ಲವೆಂದು ಹಿಡಿದು ಲೆಕ್ಕ ಹಾಕಿದ ಅಂಕಿ. ಅದರ ಮೇಲೆ, ಎರಡು ಆಂಟೆನಾ ಮೂರು ಮೀಟರಿನಲ್ಲಿ ಲೋಹದ ನೆಲದ ಮೇಲೆ ಎದುರುಬದುರು ನಿಂತಾಗ ಆಗುವ ವ್ಯತ್ಯಾಸಕ್ಕೆ ಒಂದು ಸಣ್ಣ ತಿದ್ದುಪಡಿ. ಸವರಿದ ಸೇರಿನ ಲೆಕ್ಕಕ್ಕೆ ತಲೆ ಕಟ್ಟಿದ ಸೇರು ತಂದು ಸುರಿದಿದ್ದೆ.

ಹೆಲ್ಗಾ ಪಕ್ಕಕ್ಕೆ ಕುರ್ಚಿ ಎಳೆದು ಕೂರಿಸಿಕೊಂಡಳು. ನಮ್ಮ ಕೋಣೆಯ ಹಳೆಯ ಅಳತೆಗಳು ನನ್ನ ಲ್ಯಾಪ್‌ಟಾಪಿನಲ್ಲೇ ಇದ್ದವು. ಅಂಕಣ ಬದಲಿಸಿದೆವು, ತಿದ್ದುಪಡಿ ಸೇರಿಸಿದೆವು. ಪರದೆಯ ನಕ್ಷೆಯಲ್ಲಿ ಗಡಿ ದಾಟಿ ಹೊರಗೆ ಬಿದ್ದಿದ್ದ ಗೆರೆ ಮೆಲ್ಲಗೆ ಒಳಗೆ ಬಂದು ಕೂತಿತು. "ನಿಮ್ಮ ನೆಲ ಬಹಳ ಚೆನ್ನಾಗಿದೆ," ಅಂದಳು ಹೆಲ್ಗಾ.

ಓಡಿದೆ. ಕಚೇರಿಯ ಉದ್ದನೆಯ ಪಡಸಾಲೆಯಲ್ಲಿ ನಿಂತು ಮ್ಯಾನೇಜರಿಗೆ ಫೋನು ಮಾಡಿದೆ, ಎತ್ತಲಿಲ್ಲ. ಬಸವಂತಪ್ಪನವರಿಗೆ ಮಾಡಿದೆ. ಹಿಂದೆ ಏನೋ ಯಂತ್ರದ ಗರಗರ ಸದ್ದು.

"ಎಲ್ಲಿದ್ದೀರಿ ಬಸವಂತಪ್ಪನವರ?"

"ನಿಮ್ಮ ಕೋಣ್ಯಾಗೇ ಇದ್ದೀನ್ರಿ. ನಾಳಿ ಬ್ಯಾರೇ ಮಂದಿ ಬಂದು ಕೀಳ್ತಾರಂತ. ನಾ ಹಾಸಿದ್ದಕ್ಕ ಬ್ಯಾರೇದವರ ಸಬ್ಬಲ್ ಯಾಕ ಬಡೀಬೇಕ್ರಿ? ನಾನೇ ಬಿಚ್ಚಾಕ ಹತ್ತೀನಿ. ಒಂದು ತಗಡ ಎದ್ದದ."

"ನಿಲ್ಲಸ್ರಿ! ತಪ್ಪು ನಂದದ."

"ಏನಂದ್ರಿ? ಮಶೀನ್ ಆವಾಜದಾಗ ಕೇಳವಲ್ದು. ಜರಾ ಜೋರಾಗಿ ಹೇಳ್ರಿ ಸರ್."

ಎದೆ ಬಿರಿಯುವಂತೆ ಕೂಗಿದೆ. "ತಪ್ಪು ನಂದ ಅದ ರೀ! ನೆಲ ಬರೋಬ್ಬರಿ ಅದ! ತಪ್ಪು ನಂದು!"

ಪಡಸಾಲೆಯ ಬಾಗಿಲುಗಳು ಒಂದೊಂದಾಗಿ ತೆರೆದವು. ಊಟದ ಹೊತ್ತು ಬೇರೆ. ಇವನೂ ನಮ್ಮ ಪದ್ಧತಿ ಕಲಿತನೆಂದು ತಿಳಿದರೇನೋ, ತಲೆ ಹೊರಗಿಟ್ಟವರೆಲ್ಲ ನಗುಮುಖದಿಂದ "ಮಾಲ್‌ಟ್ಸೈಟ್," "ಮಾಲ್‌ಟ್ಸೈಟ್" ಅಂದರು.

ಫೋನಿನಲ್ಲಿ ಯಂತ್ರದ ಸದ್ದು ನಿಂತಿತು. "ಕೇಳಸ್ತ್ರಿ ಸರ್," ಅಂದರು ಬಸವಂತಪ್ಪ. "ಮೊದಲನೇ ಸರ್ತೀನೇ ಕೇಳಸಿತ್ತು."

ಮತ್ತೆ ಜಹೀರಾಬಾದು

ವಿಮಾನ ಇಳಿದ ಮರುದಿನವೇ ಕೋಣೆಗೆ ಹೋದೆ. ಎಬ್ಬಿಸಿದ್ದ ತಗಡನ್ನು ಅವರು ಆಗಲೇ ಮರಳಿ ಕೂರಿಸಿದ್ದರು. ಯಾವುದು ಎದ್ದಿತ್ತು ಎಂದು ಹೇಳಲು ನನಗಂತೂ ಆಗಲಿಲ್ಲ. ಎರಡನೆಯ ಅಂಕಣದ ಅಂಕಿ ಹಾಕಿ ಮೊದಲಿನಿಂದ ಮತ್ತೆ ಅಳೆದೆ. ಕೋಣೆ ಪಾಸಾಯಿತು. ಹಳೆಯ ವರದಿ ವಾಪಸು ತೆಗೆದುಕೊಂಡು ಹೊಸದು ಬರೆದೆ: "ನೆಲದಲ್ಲಿ ದೋಷವಿಲ್ಲ. ಆಂಟೆನಾದ ಅಂಕಿಗಳನ್ನು ಆರಿಸುವಾಗ ನನ್ನಿಂದ ತಪ್ಪಾಗಿದೆ." ಮ್ಯಾನೇಜರು ಓದಿ, ಎರಡನೆಯ ಸಾಲು ಇಷ್ಟು ಖುಲ್ಲಾ ಬರೆಯಬೇಕೇ ಅಂದರು. ಬೇಕು ಅಂದೆ. ಮುಂದಿನ ಕೋಣೆಯ ನೆಲವೂ ಬಸವಂತಪ್ಪನವರಿಗೇ ಎಂದು ಅಲ್ಲಿಯೇ ಗೊತ್ತಾಯಿತು.

ಮಹಾದೇವಿಗೆ ಹೇಳಿದಾಗ ಅವಳು ಗಾದೆಯನ್ನು ಎರಡನೆಯ ಸಲ ಹೇಳಲಿಲ್ಲ. ರೊಟ್ಟಿ ಬಡಿಯುತ್ತ ಸುಮ್ಮನೆ ನಕ್ಕಳು. ಹೇಳಿದ್ದರೇ ಚೆನ್ನಾಗಿತ್ತು.

ಬಸವಂತಪ್ಪನವರು ತಗಡು ಬಿಚ್ಚಲು ತಂದಿದ್ದ ಸಾಮಾನು ಒಯ್ಯಲು ಕೋಣೆಗೆ ಬಂದಾಗ ಹೊಸ ವರದಿಯನ್ನು ಕನ್ನಡದಲ್ಲಿ ಓದಿ ಹೇಳಿದೆ. ನಿಂತೇ ಕೇಳಿದರು. "ಆತು ಬಿಡ್ರಿ. ಮನಶ್ಯಾ ಅಂದ ಮ್ಯಾಲ ಆಗ್ತದ," ಅಂದರು. ಆದರೆ ಹೊರಡಲಿಲ್ಲ. ನನ್ನನ್ನೇ ನೋಡುತ್ತ ನಿಂತರು. ಬಾಗಿಲಲ್ಲಿ ಮ್ಯಾನೇಜರಿದ್ದರು, ಅವರ ಹಿಂದೆ ಕೆಲಸದವರು ನಾಲ್ಕು ಮಂದಿ ಇದ್ದರು. ನಾನು ಅವತ್ತೂ ಇಸ್ತ್ರಿ ಅಂಗಿಯನ್ನೇ ಹಾಕಿದ್ದೆ.

ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡೆ. ಹೊಟ್ಟೆ ಕೆಳಗಾಗಿ ಮಲಗಿದೆ. ಉಕ್ಕು ತಣ್ಣಗಿತ್ತು. ಕೆನ್ನೆ ಹಚ್ಚಿ ಒಂದು ಕಣ್ಣು ಮುಚ್ಚಿ ನೋಡಿದೆ. ಬಾಗಿಲ ಬೆಳಕು ಈ ತುದಿಯಿಂದ ಆ ತುದಿಯವರೆಗೆ ಎಲ್ಲೂ ಮುರಿಯದೆ ಹರಿದಿತ್ತು. ಪಕ್ಕದಲ್ಲಿ ಸದ್ದಾಯಿತು. ಬಸವಂತಪ್ಪನವರೂ ಮಲಗಿ ನನ್ನ ಕಡೆ ಮುಖ ಮಾಡಿ ಕೆನ್ನೆ ಹಚ್ಚಿದ್ದರು.

"ಕಂಡ್ತೇನ್ರಿ ಸರ್?"

"ಕಂಡ್ತ್ರಿ," ಅಂದೆ.